ಎದ್ದು ಬಂದ ಹೆಣಕ್ಕೆ ಎಷ್ಟು ಮಾರ್ಕ್ಸು?

"ಅಕ್ಕೋರ, ಇನ್ನ ನಾಕೈದು ವರ್ಷಕ್ಕ ರಿಟೈರ್ ಆಗೋರು ನೀವು. ಭಕ್ತಿ ಸಿನೆಮಾ ನೋಡೂದು ಬಿಟ್ಟು ಇವೇನ್ರಿ, ಹೆಣದ ಸಿನೆಮಾ?"

ನನ್ನ ಚೀಲದಿಂದ ಜಾರಿ ಬಿದ್ದ ಹಳೆಯ ಮಾರ್ಕ್ಸ್ ವಹಿಯನ್ನು ಎತ್ತಿ ಕೊಡುತ್ತ ಸಹೋದ್ಯೋಗಿಯೊಬ್ಬರು ಹೀಗೆಂದು ನಕ್ಕರು. ಸ್ಟಾಫ್ ರೂಮಿನಲ್ಲಿದ್ದ ಉಳಿದವರೂ ನಕ್ಕರು. ವಹಿಯಲ್ಲಿ ವಿದ್ಯಾರ್ಥಿಗಳ ಹೆಸರಿರುವ ಜಾಗದಲ್ಲಿ ಸಿನೆಮಾಗಳ ಹೆಸರಿದ್ದವು, ಎದುರಿಗೆ ಕೆಂಪು ಶಾಯಿಯಲ್ಲಿ ನೂರಕ್ಕೆ ಇಷ್ಟು ಎಂದು ಅಂಕಗಳಿದ್ದವು. ಆ ದಿನ ಸುಮ್ಮನೆ ನಕ್ಕು ವಹಿ ಇಸಿದುಕೊಂಡೆ. ಮನೆಗೆ ಬಂದ ಮೇಲೆ ಸಿಟ್ಟು ಬಂತು. ನನ್ನ ಸಿಟ್ಟು ಯಾವಾಗಲೂ ತಡವಾಗಿ ಬರುತ್ತದೆ, ಬಂದರೆ ಬೇಗ ಹೋಗುವುದಿಲ್ಲ. ಈ ಬರಹ ಆ ಸಿಟ್ಟಿನದು.

ಈ ಹುಚ್ಚು ಹತ್ತಿದ್ದು 2020ರ ಮಾರ್ಚಿನಲ್ಲಿ. ಶಾಲೆ ಮುಚ್ಚಿತು. ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ನನ್ನ ತಮ್ಮನ ಮಗ ಗೋಕಾಕಿಗೆ ಬಂದು ನಮ್ಮ ಮನೆಯಲ್ಲೇ ಸಿಕ್ಕಿಬಿದ್ದ. ಅವನ ಲ್ಯಾಪ್‌ಟಾಪಿನಲ್ಲಿ ಇದ್ದದ್ದೆಲ್ಲ ಇಂಥವೇ. "ಅತ್ತಿ, ನೀವು ಇತಿಹಾಸ ಕಲಿಸೋರು, ಇದರಾಗೂ ಇತಿಹಾಸ ಐತಿ ನೋಡ್ರಿ" ಎಂದು ಎಳೆದು ಕೂಡಿಸಿದ. ಮೊದಲ ದಿನ ಅರ್ಧಕ್ಕೆ ಎದ್ದು ಹೋದೆ. ಮೂರನೆಯ ದಿನ ನಾನೇ ಶೇಂಗಾ ಹುರಿದುಕೊಂಡು ಹೋಗಿ ಕೂತೆ.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಜೋಂಬಿ ಎಂದರೆ ನಮ್ಮ ದೆವ್ವ ಅಲ್ಲ. ನಮ್ಮ ದೆವ್ವಕ್ಕೆ ಒಂದು ಹೆಸರಿರುತ್ತದೆ, ಹುಣಸೆಮರವೋ ಹಾಳುಬಾವಿಯೋ ಒಂದು ವಿಳಾಸವಿರುತ್ತದೆ, ಈಡೇರದ ಒಂದು ಆಸೆ ಇರುತ್ತದೆ. ನಮ್ಮ ಬೇತಾಳವಂತೂ ಹೆಣದೊಳಗೆ ಹೊಕ್ಕು ವಿಕ್ರಮರಾಜನ ಹೆಗಲೇರಿ ಕಥೆ ಹೇಳುತ್ತದೆ, ಕೊನೆಗೊಂದು ಪ್ರಶ್ನೆ ಕೇಳುತ್ತದೆ. ಜೋಂಬಿಗೆ ಇದೊಂದೂ ಇಲ್ಲ. ಎದ್ದ ಹೆಣ ನಡೆಯುತ್ತದೆ, ಕಚ್ಚುತ್ತದೆ, ಕಚ್ಚಿಸಿಕೊಂಡವರೂ ಅದೇ ಆಗುತ್ತಾರೆ. ತಲೆಗೆ ಹೊಡೆದರೆ ಮಾತ್ರ ಬೀಳುತ್ತದೆ.

ನನ್ನ ಸೋದರಳಿಯನ ಲೆಕ್ಕದಲ್ಲಿ ಹೊಡೆದಾಟಕ್ಕೆ ಇಷ್ಟು ಚಿಕ್ಕೆ, ಮೇಕಪ್ಪಿಗೆ ಇಷ್ಟು ಚಿಕ್ಕೆ. ನಾನು ಚಿಕ್ಕೆ ಒಪ್ಪಲಿಲ್ಲ. ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದ ಕೈ ಇದು. ನೂರಕ್ಕೆ ಮಾರ್ಕ್ಸು, ಮೂವತ್ತೈದಕ್ಕೆ ಪಾಸು. ಹೆಣ ಏಕೆ ಎದ್ದಿತು ಎಂಬುದಕ್ಕೆ ನಲವತ್ತು. ಆ ಕಾಲದ ಅನ್ನ, ಬಟ್ಟೆ, ದುಡಿಮೆ, ದೊರೆತನ ಸರಿಯಾಗಿ ಕಾಣುತ್ತದೆಯೇ ಎಂಬುದಕ್ಕೆ ಮೂವತ್ತು. ಉಳಿದ ಮೂವತ್ತು, ತಲೆಗೆ ಹೊಡೆಯುವ ಮುಂಚೆ ಯಾರಾದರೂ ಒಬ್ಬರು ಅಳುತ್ತಾರೆಯೇ ಎಂಬುದಕ್ಕೆ. ರಕ್ತಕ್ಕೆ ಸೊನ್ನೆ. ಈ ಮೂರನೆಯ ಪ್ರಶ್ನೆಯಲ್ಲಿ ಎಷ್ಟೋ ದೊಡ್ಡ ಹೆಸರುಗಳು ನಪಾಸಾಗಿವೆ.

1932ರ 'ವೈಟ್ ಜೋಂಬಿ' ನೋಡಿದಾಗ ನನಗೆ ಅದು ದೂರದ ದೇಶದ್ದೆನಿಸಲಿಲ್ಲ. ಕಥೆ ನಡೆಯುವುದು ಹೈತಿಯಲ್ಲಿ. ಫ್ರೆಂಚರ ಕೆಳಗೆ ಗುಲಾಮರಾಗಿ ಕಬ್ಬಿನ ತೋಟದಲ್ಲಿ ಸತ್ತವರ ದೇಶ ಅದು. 1791ರಲ್ಲಿ ಆ ಗುಲಾಮರೇ ದಂಗೆ ಎದ್ದು 1804ರಲ್ಲಿ ಸ್ವತಂತ್ರರಾದರು. ಜೋಂಬಿ ಎಂಬ ಭಯ ಹುಟ್ಟಿದ್ದು ಅಲ್ಲಿ. ಸಾವು ಬಂದರಾದರೂ ಬಿಡುಗಡೆ ಎಂದುಕೊಂಡವನಿಗೆ, ಸತ್ತ ಮೇಲೂ ಎಬ್ಬಿಸಿ ದುಡಿಸಿಬಿಟ್ಟರೆ ಎಂಬ ಭಯ. ಹೈತಿಯ ಜೋಂಬಿ ಯಾರನ್ನೂ ಕಚ್ಚುವುದಿಲ್ಲ, ಬರೀ ದುಡಿಯುತ್ತದೆ. ಈ ಸಿನೆಮಾ ಬಂದಾಗ ಹೈತಿ ಅಮೆರಿಕದ ಸೈನ್ಯದ ಹಿಡಿತದಲ್ಲಿತ್ತು, 1915ರಿಂದ 1934ರವರೆಗೆ. ಒಂದು ದೃಶ್ಯದಲ್ಲಿ ಸಕ್ಕರೆ ಗಿರಣಿಯ ಗಾಣವನ್ನು ಎದ್ದ ಹೆಣಗಳು ತಿರುಗಿಸುತ್ತಿರುತ್ತವೆ. ಒಬ್ಬ ಕಾಲು ಜಾರಿ ಗಾಣದೊಳಕ್ಕೆ ಬೀಳುತ್ತಾನೆ. ಗಾಣ ನಿಲ್ಲುವುದಿಲ್ಲ, ಉಳಿದವರು ತಿರುಗಿ ಕೂಡ ನೋಡುವುದಿಲ್ಲ. ಆಮೇಲೆ ಸಿನೆಮಾ ಬಿಳಿ ಹುಡುಗಿಯೊಬ್ಬಳ ಕಥೆಯ ಹಿಂದೆ ಓಡಿಬಿಡುತ್ತದೆ. ಆ ಒಂದು ದೃಶ್ಯಕ್ಕಾಗಿ ಐವತ್ತೆಂಟು ಹಾಕಿದೆ.

ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಕಬ್ಬಿನ ಸೀಮೆ. ದೀಪಾವಳಿ ಮುಗಿಯಿತೆಂದರೆ ಟ್ರ್ಯಾಕ್ಟರಿನಲ್ಲಿ ಕಬ್ಬು ಕಡಿಯುವ ಗ್ಯಾಂಗುಗಳು ಬಂದಿಳಿಯುತ್ತವೆ. ಗಂಡ ಕಡಿದರೆ ಹೆಂಡತಿ ಕಟ್ಟಿ ಹೊರಬೇಕು, ಇಬ್ಬರನ್ನೂ ಸೇರಿಸಿ ಒಂದೇ ಲೆಕ್ಕ. ನೆರೆಯ ಮಹಾರಾಷ್ಟ್ರದ ಬೀಡ ಜಿಲ್ಲೆಯಲ್ಲಿ 2019ರಲ್ಲಿ ಸರಕಾರದ ಸಮಿತಿಯೊಂದು ಸುಮಾರು 82 ಸಾವಿರ ಕಬ್ಬು ಕಡಿಯುವ ಹೆಂಗಸರನ್ನು ವಿಚಾರಿಸಿ, ಅವರಲ್ಲಿ 13 ಸಾವಿರಕ್ಕೂ ಹೆಚ್ಚು ಜನರ ಗರ್ಭಕೋಶ ತೆಗೆಸಲಾಗಿದೆ ಎಂದು ಕಂಡುಕೊಂಡಿತು. ಮುಟ್ಟು ಬಂದರೆ ದುಡಿಮೆ ತಪ್ಪುತ್ತದೆ, ತಪ್ಪಿದರೆ ದಂಡ. ಇದನ್ನು ಪೇಪರಿನಲ್ಲಿ ಓದಿದ್ದೆ. ಓದಿ ಮಡಿಚಿ ಇಟ್ಟಿದ್ದೆ. ಗಾಣ ತಿರುಗಿಸುವ ಹೆಣಗಳನ್ನು ನೋಡಿದ ರಾತ್ರಿ ಅದು ಮತ್ತೆ ನೆನಪಾಗಿ ನಿದ್ದೆ ಬರಲಿಲ್ಲ.

ಇನ್ನೊಂದು ಕಥೆಯಿದೆ. ಇದನ್ನು ಯಾವ ಸಿನೆಮಾದಲ್ಲೂ ನಾನು ಕಂಡಿಲ್ಲ, ಅದೇ ನನ್ನ ದೊಡ್ಡ ತಕರಾರು. ವಿಲಿಯಂ ಸೀಬ್ರುಕ್ ಎಂಬಾತ 1929ರಲ್ಲಿ ಹೈತಿಯ ಬಗ್ಗೆ ಬರೆದ ಪುಸ್ತಕದಲ್ಲಿ, ತಾನು ಅಲ್ಲಿ ಕೇಳಿದ್ದೆಂದು ಹೇಳುತ್ತಾನೆ. ಗುತ್ತಿಗೆದಾರನೊಬ್ಬ ಸತ್ತವರ ಗುಂಪನ್ನು ಸಕ್ಕರೆ ಕಂಪನಿಯ ಹೊಲಕ್ಕೆ ದುಡಿಯಲು ಬಿಟ್ಟು ಕೂಲಿ ತಾನು ಎಣಿಸಿಕೊಳ್ಳುತ್ತಿದ್ದನಂತೆ. ಅವಕ್ಕೆ ಉಪ್ಪಿಲ್ಲದ ಅಂಬಲಿ ಮಾತ್ರ. ಉಪ್ಪು ನಾಲಿಗೆಗೆ ತಾಗಿದರೆ ತಾವು ಸತ್ತವರೆಂಬ ಅರಿವು ಬಂದುಬಿಡುತ್ತದೆ. ಒಂದು ಹಬ್ಬದ ದಿನ ಅವನ ಹೆಂಡತಿಗೆ ಪಾಪವೆನಿಸಿ, ಇವೂ ಜಾತ್ರೆ ನೋಡಲಿ ಎಂದು ಪೇಟೆಗೆ ಕರೆದುಕೊಂಡು ಹೋಗಿ ಬೆಲ್ಲದ ಮಿಠಾಯಿ ಕೊಡಿಸಿದಳು. ಅದರೊಳಗಿನ ಬೀಜಕ್ಕೆ ಉಪ್ಪು ಹಚ್ಚಿದ್ದು ಅವಳಿಗೆ ಗೊತ್ತಿರಲಿಲ್ಲ. ತಿಂದವರೆಲ್ಲ ಒಮ್ಮೆ ಚೀರಿ, ಎದ್ದು, ತಮ್ಮ ಊರಿನ ದಾರಿ ಹಿಡಿದು, ತಮ್ಮ ತಮ್ಮ ಗೋರಿಯ ಮುಂದೆ ಬಿದ್ದರಂತೆ. ಕರದಂಟಿನ ಊರಿನವಳಾದ ನನಗೆ ಆ ಮಿಠಾಯಿಯ ರುಚಿ ಬಾಯಿಗೇ ಬಂದಂತಾಯಿತು. ಉಣ್ಣಿಸಿದ ಹೆಂಗಸೊಬ್ಬಳಿಂದ ಬಿಡುಗಡೆ ಸಿಕ್ಕ ಈ ಕಥೆಯನ್ನು ಬಿಟ್ಟು ಬಂದೂಕಿನ ಕಥೆಯನ್ನೇ ನೂರು ಸಲ ತೆಗೆಯುತ್ತಾರಲ್ಲ, ಇದಕ್ಕೆ ಏನನ್ನಬೇಕು?

ಉಳಿದವನ್ನು ಬೇಗ ಮುಗಿಸುತ್ತೇನೆ. 1966ರ 'ದಿ ಪ್ಲೇಗ್ ಆಫ್ ದಿ ಜೋಂಬೀಸ್' ಇಂಗ್ಲೆಂಡಿನ ಹಳ್ಳಿಯದು. ಊರ ಜಮೀನುದಾರ ಸತ್ತವರನ್ನು ಎಬ್ಬಿಸಿ ತವರದ ಗಣಿಗೆ ಇಳಿಸುತ್ತಾನೆ. ಅರವತ್ತೆರಡು. ನಾರ್ವೆಯ 'ಡೆಡ್ ಸ್ನೋ' 2009ರದು. ಬಂಗಾರಕ್ಕಾಗಿ ಹಿಮದಿಂದೇಳುವ ಹಿಟ್ಲರನ ಸೈನಿಕರು, ಅವರ ಕರುಳಿನ ಜೊತೆ ಹುಡುಗರಾಟ. ಹದಿನೆಂಟು. ಜೇನ್ ಆಸ್ಟಿನ್‌ಳ ಕಾದಂಬರಿಯೊಳಕ್ಕೆ ಜೋಂಬಿ ತುರುಕಿದ 2016ರ ಸಿನೆಮಾ ನೋಡಿ, ಬಿ.ಎ.ಯಲ್ಲಿ ಆ ಕಾದಂಬರಿ ಓದಿದವಳಾದ್ದರಿಂದ ಕೆಂಪು ಪೆನ್ನು ಕೈಯಲ್ಲಿ ನಡುಗಿತು. ಗ್ರೇಸ್ ಮಾರ್ಕ್ಸ್ ಕೊಟ್ಟರೂ ಪಾಸಾಗಲಿಲ್ಲ.

ಬಹಳ ಆಸೆಯಿಂದ ಕೂತದ್ದು 2020ರ ಹಿಂದಿ 'ಬೇತಾಲ್' ಧಾರಾವಾಹಿಗೆ. ಹೆದ್ದಾರಿಗಾಗಿ ಆದಿವಾಸಿಗಳ ಊರು ಖಾಲಿ ಮಾಡಿಸಲು ಹೋದ ಪೊಲೀಸ್ ತುಕಡಿ ಬೆಟ್ಟದ ಸುರಂಗ ಒಡೆಸುತ್ತದೆ. ಒಳಗಿಂದ ಈಸ್ಟ್ ಇಂಡಿಯಾ ಕಂಪನಿಯ ಕೆಂಪಂಗಿ ಸಿಪಾಯಿಗಳ ಹೆಣಗಳು ಎದ್ದು ಬರುತ್ತವೆ. ಎಂಥ ಒಳ್ಳೆಯ ಬೀಜ! ಕಿತ್ತೂರಿನ ಮೇಲೆ ಕಂಪನಿಯ ದಂಡು ಬಂದ 1824ನ್ನು, ನಂದಗಡದಲ್ಲಿ ರಾಯಣ್ಣನನ್ನು ಗಲ್ಲಿಗೇರಿಸಿದ 1831ನ್ನು ವರ್ಷಾ ವರ್ಷಾ ಪಾಠ ಮಾಡುವವಳು ನಾನು. ಆ ಕಂಪನಿ ಸತ್ತಿಲ್ಲ, ರಸ್ತೆ ಗುತ್ತಿಗೆಯ ರೂಪದಲ್ಲಿ ಎದ್ದು ಬಂದಿದೆ ಎನ್ನುವುದಕ್ಕಿಂತ ಒಳ್ಳೆಯ ಪಾಠ ಯಾವುದು? ಆದರೆ ಅರ್ಧ ಗಂಟೆಯಲ್ಲೇ ಆ ಮಾತು ಮರೆತು, ಕತ್ತಲಲ್ಲಿ ಗುಂಡು ಹಾರಿಸುವುದೇ ಕಥೆಯಾಯಿತು. ಆದಿವಾಸಿಗಳು ಬದಿಗೆ ಸರಿದರು. ಹೆಸರು ಮಾತ್ರ ಬೇತಾಳನದು, ಅದರ ಹೆಣ ಒಂದೇ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಇಪ್ಪತ್ತೆಂಟು. ನನ್ನ ಸೋದರಳಿಯ ಮರುಮೌಲ್ಯಮಾಪನ ಕೇಳಿದ, ಕೊಡಲಿಲ್ಲ.

ನನ್ನ ವಹಿಯಲ್ಲಿ ಮೊದಲ ಸ್ಥಾನ ಕೊರಿಯಾದ 'ಕಿಂಗ್‌ಡಮ್'ಗೆ. ಇದೂ ಧಾರಾವಾಹಿಯೇ, 2019ರಲ್ಲಿ ಬಂದದ್ದು. ಬರೆದವಳು ಕಿಮ್ ಯುನ್-ಹೀ ಎಂಬ ಹೆಂಗಸು. ಜಪಾನಿನ ದಾಳಿಯಿಂದ ಹಾಳಾದ ಹಳೆಯ ಕೊರಿಯಾ. ಹಸಿದ ರೋಗಿಗಳಿರುವ ಔಷಧಾಲಯ. ರಾಜನಿಂದ ಕಚ್ಚಿಸಿಕೊಂಡು ಸತ್ತ ಹುಡುಗನ ಮಾಂಸವನ್ನು, ಜಿಂಕೆಯದೆಂದು ಸುಳ್ಳು ಹೇಳಿ ಒಬ್ಬ ಸಾರು ಮಾಡಿ ಬಡಿಸುತ್ತಾನೆ. ಉಂಡವರೆಲ್ಲ ಎದ್ದ ಹೆಣಗಳಾಗುತ್ತಾರೆ. ಊರಿನ ದೊಡ್ಡವರು ಇದ್ದ ಒಂದು ಹಡಗು ಹತ್ತಿ, ಜನರನ್ನು ದಂಡೆಯಲ್ಲಿ ಬಿಟ್ಟು ಓಡುತ್ತಾರೆ. ಸತ್ತ ರಾಜನನ್ನೂ ಸಾಯಗೊಡದೆ ಸರಪಳಿ ಹಾಕಿ ಇಟ್ಟುಕೊಂಡಿರುತ್ತಾರೆ, ರಾಣಿ ಹಡೆಯುವವರೆಗೆ ಸಿಂಹಾಸನ ಕೈತಪ್ಪಬಾರದಲ್ಲ!

ಅದನ್ನು ನೋಡುತ್ತಿದ್ದಾಗ ಎಂಬತ್ತು ದಾಟಿದ ನಮ್ಮವ್ವ ಹಿಂದೆ ಬಂದು ನಿಂತಿದ್ದಳು. ಭಾಷೆ ತಿಳಿಯದು, ಕಥೆ ತಿಳಿಯದು. ಬಾಯಿ ತೆರೆದು ಓಡುವ ಆ ಗುಂಪನ್ನು ಸ್ವಲ್ಪ ಹೊತ್ತು ನೋಡಿ ಕೇಳಿದಳು: "ಅವಕ್ಕ ಹಸಿವಿ ಆಗೇತೇನ, ಮಗಳ?"

ನನ್ನ ನಲವತ್ತು ಅಂಕದ ಪ್ರಶ್ನೆಗೆ ಇಷ್ಟು ಸರಿಯಾದ ಉತ್ತರ ಯಾರೂ ಬರೆದಿಲ್ಲ. ನಮ್ಮ ಸೀಮೆಗೆ ಹಸಿದು ನಡೆಯುವ ಹೆಣಗಳು ಹೊಸದೇ? 1791-92ರ ಬರಕ್ಕೆ ತಲೆಬುರುಡೆಯ ಬರವೆಂದೇ ಹೆಸರು, ಹೂಳುವವರಿಲ್ಲದೆ ಬುರುಡೆಗಳು ಬಯಲಲ್ಲಿ ಬಿದ್ದಿದ್ದವು. 1876-78ರ ಬರ ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳನ್ನು ಉರಿಸಿತು. ಕಾಮಗಾರಿಗೆ ಬಂದವರಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಮೇಲೆ ಒಂದಿಷ್ಟು ಕಾಸು ಸಾಕೆಂದು ಲೆಕ್ಕ ಹಾಕಿದವನು ಸರ್ ರಿಚರ್ಡ್ ಟೆಂಪಲ್. ಅಂದರೆ ಅರ್ಧ ಕಿಲೋಗೂ ಕಡಿಮೆ ಕಾಳು ತಿಂದು ಕಲ್ಲು ಒಡೆಯಬೇಕು. ಅದೇ ಹೊತ್ತಿಗೆ ಗೋದಿ ಹಡಗಿನಲ್ಲಿ ಇಂಗ್ಲೆಂಡಿಗೆ ಹೋಗುತ್ತಲೇ ಇತ್ತು. 'ಕಿಂಗ್‌ಡಮ್'ಗೆ ಎಂಬತ್ತೊಂದು ಹಾಕಿದ್ದು ನನ್ನ ಲೆಕ್ಕಕ್ಕೆ ಕಡಿಮೆಯೇ.

ನಮ್ಮಲ್ಲಿ ಐತಿಹಾಸಿಕ ಸಿನೆಮಾ ಎಂದರೆ ಕತ್ತಿ, ಕುದುರೆ, ಜರಿ ಪೇಟ. ಬಿ. ಸರೋಜಾದೇವಿಯವರ 1961ರ 'ಕಿತ್ತೂರು ಚೆನ್ನಮ್ಮ'ನನ್ನು ಚಿಕ್ಕಂದಿನಲ್ಲಿ ಟೂರಿಂಗ್ ಟಾಕೀಜಿನಲ್ಲಿ ನೋಡಿ ಅತ್ತವಳೇ ನಾನು, ಆ ಸಿನೆಮಾದ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಬರದಲ್ಲಿ ಸತ್ತವರ ಸಿನೆಮಾ ಎಲ್ಲಿ? ಪ್ಲೇಗಿನ ಸಿನೆಮಾ ಎಲ್ಲಿ? ಜೋಂಬಿ ಸಿನೆಮಾ ಮಾಡುವ ನಮ್ಮ ದೇಶದ ಹುಡುಗರಿಗೆ ಗೋವೆಯ ಪಾರ್ಟಿ ಬೇಕು, ಪ್ರಯೋಗಶಾಲೆಯ ವೈರಸ್ ಬೇಕು. ಅಜ್ಜಿಯನ್ನು ಒಮ್ಮೆ ಕೇಳಿದ್ದರೆ ಸಾಕಿತ್ತು.

ನಾನು ಕೇಳಿದ್ದೆ. ನಮ್ಮ ಅಪ್ಪನ ತಾಯಿಯ ತವರು ಮೂಡಲಗಿ ಕಡೆ. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ನಮ್ಮ ಕಡೆಗೂ ಹಬ್ಬಿ, ಹಲವು ವರ್ಷ ಹೋಗುತ್ತ ಬರುತ್ತ ಇತ್ತು. ಇಲಿ ಬಿತ್ತೆಂದರೆ ಊರೆಲ್ಲ ಹೊಲಕ್ಕೆ ಹೋಗಿ ಗುಡಿಸಲು ಹಾಕುವುದು. ಅಜ್ಜಿ ಏಳೆಂಟು ವರ್ಷದವಳಿದ್ದಾಗ ಹಾಗೆ ಹೊಲಕ್ಕೆ ಬಂದ ಮೇಲೆ ಅವಳ ಅಕ್ಕನಿಗೆ ಬಗಲಲ್ಲಿ ಗಂಟು ಎದ್ದಿತು. ಗುಡಿಸಲಲ್ಲಿ ಅವಳೊಬ್ಬಳನ್ನೇ ಬಿಟ್ಟು, ಒಂದು ಕೊಡ ನೀರು, ನಾಲ್ಕು ರೊಟ್ಟಿ ಇಟ್ಟು, ಉಳಿದವರು ಇನ್ನೊಂದು ಹೊಲಕ್ಕೆ ಹೋದರು. ಎರಡನೆಯ ರಾತ್ರಿ ಬದುವಿನ ಮೇಲೆ ಯಾರೋ ತೂರಾಡುತ್ತ ಬರುವುದು ಕಂಡಿತು. ಕೂದಲು ಬಿಚ್ಚಿತ್ತು. ಮಾತು ತೊದಲುತ್ತಿತ್ತು. "ಸತ್ತಾಕಿ ಎದ್ದು ಬಂದಾಳ" ಎಂದು ಯಾರೋ ಕೂಗಿದರು. ಗಂಡಸರು ಕಲ್ಲು ತೂರಿದರು. ಮೊದಲ ಕಲ್ಲು ಯಾರದೆಂದು ಅಜ್ಜಿ ಒಂದು ಸಲ ಮಾತ್ರ ಹೇಳಿದ್ದಳು. ಅವರ ಅಪ್ಪನದೇ. "ನೀರು ಕೇಳಾಕ ಬಂದಿದ್ಲು, ನನಗ ಕೇಳಿಸಿತ್ತು" ಎಂದಿದ್ದಳು.

ಆ ಹೊಲದಲ್ಲಿ ದೆವ್ವ ಇದೆ ಎಂದು ಇವತ್ತಿಗೂ ಹೇಳುತ್ತಾರೆ. ನಮ್ಮ ಮನೆಯಲ್ಲಿ ಮಹಾನವಮಿ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಹಿಡಿಯುವಾಗ ಹೆಸರು ಹೇಳದೆ ಒಂದು ಎಡೆ, ಪಕ್ಕಕ್ಕೊಂದು ತಂಬಿಗೆ ನೀರು ಇಡುತ್ತೇವೆ. ಹೆಸರು ಅಜ್ಜಿಯ ಜೊತೆಗೇ ಹೋಯಿತು.

ಹಾಗಾಗಿ ಮೂರನೆಯ ಪ್ರಶ್ನೆಗೆ ಮೂವತ್ತು ಅಂಕ. ಸಹೋದ್ಯೋಗಿಗಳೇ, ನೀವು ಟೈಂಪಾಸ್ ಎನ್ನುವ ಸಿನೆಮಾದಲ್ಲಿ ನಿನ್ನೆಯವರೆಗೆ ಮಗಳಾಗಿದ್ದವಳು ಒಂದು ಕ್ಷಣದಲ್ಲಿ 'ಅದು' ಆಗುತ್ತಾಳೆ. 'ಅದು' ಆದ ಮೇಲೆ ಏನು ಮಾಡಿದರೂ ಪಾಪವಿಲ್ಲ. ನೋಡುವ ಹುಡುಗರು ಸೀಟಿ ಹೊಡೆಯುತ್ತಾರೆ. ಭಕ್ತಿ ಸಿನೆಮಾ ನೋಡಿ ಎನ್ನುತ್ತೀರಿ. ರೋಗ ಬಂದಾಗ ನಾವು ಏನಾಗುತ್ತೇವೆ ಎಂಬುದನ್ನು ಯಾವ ಭಕ್ತಿ ಸಿನೆಮಾ ನನಗೆ ತೋರಿಸುತ್ತದೆ? ಪ್ಲೇಗಿನ ಕಾಲಕ್ಕೆ 1897ರಲ್ಲಿ ಮಾಡಿದ ಸಾಂಕ್ರಾಮಿಕ ರೋಗಗಳ ಕಾನೂನನ್ನೇ 2020ರಲ್ಲೂ ತೆಗೆದರು. ಕಾನೂನಿನ ಮಾತಾಯಿತು. ಕಲ್ಲಿನ ಮಾತು?

2021ರ ಮೇ ತಿಂಗಳಲ್ಲಿ ಹುಕ್ಕೇರಿಯಲ್ಲಿ ನಮ್ಮ ದೊಡ್ಡಪ್ಪನ ಮಗಳು ತೀರಿಕೊಂಡಳು. ನನ್ನನ್ನು ಶಾಲೆಗೆ ಕೈಹಿಡಿದು ಕರೆದುಕೊಂಡು ಹೋಗುತ್ತಿದ್ದ ಅಕ್ಕ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದನ್ನು ಅವಳ ಮಗ ದೂರ ನಿಂತು ನೋಡಿದ. ಹೊತ್ತವರು ಪರರು. ಅದಕ್ಕೆ ಎರಡು ದಿನ ಮೊದಲು ಅವಳು ಫೋನ್ ಮಾಡಿ, "ಒಂದಿಷ್ಟು ಬಂದು ಹೋಗ, ನೀ ಮಾಡೋ ಸಾರು ಉಣಬೇಕ ಅನಸತೈತಿ" ಅಂದಿದ್ದಳು. ಗೋಕಾಕದಿಂದ ಹುಕ್ಕೇರಿ ಏನು ದೂರ? ಅವ್ವನಿಗೆ ವಯಸ್ಸಾಗಿದೆ, ಪೊಲೀಸರು ಬಿಡುವುದಿಲ್ಲ ಎಂದೆಲ್ಲ ಹೇಳಿದೆ. ಎರಡೂ ನಿಜವೇ. ಆದರೂ ನಾನು ಹೋಗದಿದ್ದದ್ದು ಅವೆರಡಕ್ಕಾಗಿ ಅಲ್ಲ, ನನಗೆ ಅವಳ ಭಯವಿತ್ತು.

ಆ ತಿಂಗಳು ನಾನು ಯಾವ ಸಿನೆಮಾವನ್ನೂ ನೋಡಲಿಲ್ಲ, ವಹಿಯಲ್ಲಿ ಒಂದು ಪುಟ ಖಾಲಿ ಇದೆ. ಸ್ಟಾಫ್ ರೂಮಿನಲ್ಲಿ ವಹಿ ಬಿದ್ದಾಗ ತೆರೆದುಕೊಂಡದ್ದು ಅದೇ ಪುಟ. "ಇಲ್ಲೇನ್ರಿ ಅಕ್ಕೋರ, ಯಾರಿಗೂ ಮಾರ್ಕ್ಸ್ ಹಾಕಿಲ್ಲ?" ಎಂದು ಕೇಳಿ ನಕ್ಕರು.