ಕಬ್ಬಿಣದ ಹಲ್ಲು ಯಾರದು?

ಮಕ್ಕಳು ಕೆಟ್ಟುಹೋಗ್ತಾರೆ ಅಂತ ದೊಡ್ಡವರು ಬೊಬ್ಬೆ ಹೊಡೆದಾಗ, ಗೆಳೆಯರೇ, ಮೊದಲು ಕೇಳಬೇಕಾದದ್ದು ಯಾರ ಮಕ್ಕಳು ಅನ್ನೋದನ್ನ. 1950ರ ದಶಕದ ಬ್ರಿಟನ್ನಿನಲ್ಲಿ ಅಮೆರಿಕದ ಕಾಮಿಕ್ಸಿನ ಮೇಲೆ ಎದ್ದ ಗದ್ದಲವನ್ನೇ ನೋಡಿ. ಯುದ್ಧಕಾಲದಲ್ಲಿ ಅಮೆರಿಕದ ಸೈನಿಕರ ಜೊತೆ ಬಂದ ಈ ಬಣ್ಣದ ಪುಸ್ತಕಗಳು ಆಮೇಲೆ ಅಲ್ಲೇ ಮರುಮುದ್ರಣವಾಗಿ ಬೀದಿ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗತೊಡಗಿದವು. ದೆವ್ವ, ಕೊಲೆ, ರಕ್ತ. ಕಸವೂ ಬೇಕಾದಷ್ಟಿತ್ತು, ಇಲ್ಲವೆನ್ನುವುದಿಲ್ಲ. ಪಾದ್ರಿಗಳು, ಮೇಷ್ಟರುಗಳು, ಪಾರ್ಲಿಮೆಂಟಿನವರು ಒಟ್ಟಾಗಿ ಕೂಗಿದರು.

1954ರ ಸೆಪ್ಟೆಂಬರಿನಲ್ಲಿ ಗ್ಲಾಸ್ಗೋದ ಗಾರ್ಬಲ್ಸ್ ಕೊಳೆಗೇರಿಯ ನೂರಾರು ಮಕ್ಕಳು ಕೋಲು ಹಿಡಿದು ಸ್ಮಶಾನಕ್ಕೆ ನುಗ್ಗಿದವು. ಏಳಡಿ ಎತ್ತರದ, ಕಬ್ಬಿಣದ ಹಲ್ಲಿನ ರಕ್ತಪಿಶಾಚಿ ಇಬ್ಬರು ಹುಡುಗರನ್ನು ತಿಂದಿದೆ ಅಂತ ಸುದ್ದಿ. ಯಾವ ಹುಡುಗನೂ ಕಾಣೆಯಾಗಿರಲಿಲ್ಲ. ದೊಡ್ಡವರು ತೀರ್ಪು ಕೊಟ್ಟೇಬಿಟ್ಟರು, ಕಾಮಿಕ್ಸೇ ಕಾರಣ ಅಂತ. ಆದರೆ ಕಬ್ಬಿಣದ ಹಲ್ಲಿನ ಮೃಗ ಇದ್ದದ್ದೆಲ್ಲಿ? ಬೈಬಲ್ಲಿನ ದಾನಿಯೇಲನ ಗ್ರಂಥದ ಏಳನೇ ಅಧ್ಯಾಯದಲ್ಲಿ! ಬೈಬಲ್ಲನ್ನು ನಿಷೇಧಿಸಿ ಅಂತ ಯಾವ ಪಾದ್ರಿ ಅಂದಾನು?

ಮತ್ತೆ ಆ ಗಾರ್ಬಲ್ಸ್? ಒಂದೇ ಕೋಣೆಯಲ್ಲಿ ಇಡೀ ಸಂಸಾರ, ಹಲವು ಮನೆಗೆ ಒಂದು ಕಕ್ಕಸು. ಹತ್ತಿರದ ಕಬ್ಬಿಣದ ಕಾರ್ಖಾನೆಯ ಬೆಂಕಿ ರಾತ್ರಿಯ ಆಕಾಶವನ್ನು ಕೆಂಪಗೆ ಮಾಡುತ್ತಿತ್ತು. ಅಲ್ಲಿ ಬೆಳೆದ ಕೂಸಿಗೆ ಪಿಶಾಚಿ ಕಾಣಲಿಕ್ಕೆ ಅಮೆರಿಕದಿಂದ ಪುಸ್ತಕ ಬರಬೇಕಿತ್ತೇನ್ರೀ? ಕೋಣೆಯ ಮಾತು ಎತ್ತಿದರೆ ಮನೆ ಕಟ್ಟಿಸಿಕೊಡಬೇಕಾಗುತ್ತೆ. ಪುಸ್ತಕ ಸುಡೋದಕ್ಕೆ ಒಂದು ಬೆಂಕಿಕಡ್ಡಿ ಸಾಕು.

ಹೊಟ್ಟೆ ಉರಿಯುವ ಸಂಗತಿ ಬೇರೆ ಇದೆ. ಈ ಚಳವಳಿಗೆ ಮೊದಮೊದಲು ಬಲ ಕೊಟ್ಟವರಲ್ಲಿ ಅಲ್ಲಿನ ಕಮ್ಯುನಿಸ್ಟರೂ ಇದ್ದರು. ಮಾರ್ಟಿನ್ ಬಾರ್ಕರ್ 1984ರ ತನ್ನ ಪುಸ್ತಕದಲ್ಲಿ ಇದನ್ನು ಬಯಲಿಗೆಳೆದಿದ್ದಾನೆ. ಅಮೆರಿಕದ ಸಾಮ್ರಾಜ್ಯಶಾಹಿಯ ವಿರುದ್ಧ ಹೊರಟವರು ಕೊನೆಗೆ ಪಾದ್ರಿಯ ಪಕ್ಕ ನಿಂತು ಮಕ್ಕಳ ಮಡಿ ಕಾಯುವವರಾದರು. ಕ್ರಾಂತಿಕಾರಿಗಳಿಗೂ ಬಡವನ ಓದಿನ ಮೇಲೆ ನಂಬಿಕೆ ಇಲ್ಲವೆಂದರೆ ಏನು ಹೇಳೋದು?

ಆ ಕೆಟ್ಟ ಪುಸ್ತಕಗಳಲ್ಲೇ ಇನ್ನೇನಿತ್ತು ನೋಡಿ. ಬ್ರಿಟನ್ನಿನಲ್ಲಿ ಬೈಸಿಕೊಂಡ ಇಸಿ ಎಂಬ ಅಮೆರಿಕದ ಕಂಪನಿಯೇ 1953ರಲ್ಲಿ ಒಂದು ಕತೆ ಅಚ್ಚು ಹಾಕಿತ್ತು. ಒಂದು ಗ್ರಹದಲ್ಲಿ ಬರೀ ಯಂತ್ರಮಾನವರು. ಒಳಗಿನ ಯಂತ್ರವೆಲ್ಲ ಒಂದೇ, ಮೈಬಣ್ಣ ಮಾತ್ರ ಬೇರೆ. ನೀಲಿಯವರಿಗೆ ಬೇರೆ ಕೇರಿ, ಬಸ್ಸಿನಲ್ಲಿ ಹಿಂದಿನ ಸೀಟು. ಭೂಮಿಯಿಂದ ಬಂದ ಅಧಿಕಾರಿ ನೀವಿನ್ನೂ ನಮ್ಮ ಗಣರಾಜ್ಯಕ್ಕೆ ಸೇರಲು ಯೋಗ್ಯರಲ್ಲ ಅಂತ ಹೇಳಿ ಹೊರಡುತ್ತಾನೆ. ಕೊನೆಯ ಚಿತ್ರದಲ್ಲಿ ಶಿರಸ್ತ್ರಾಣ ತೆಗೆದರೆ ಆತ ಕಪ್ಪು ಮನುಷ್ಯ. 1956ರಲ್ಲಿ ಇದು ಮರುಮುದ್ರಣವಾಗುವಾಗ ಅಮೆರಿಕದ ಕಾಮಿಕ್ಸ್ ನೀತಿಸಂಹಿತೆಯ ಯಜಮಾನರು ತಗಾದೆ ತೆಗೆದದ್ದು ಯಾವುದಕ್ಕೆ? ರಕ್ತಕ್ಕಲ್ಲ, ಆ ಕಪ್ಪು ಮುಖಕ್ಕೆ.

ನಮ್ಮ ಮನೆಯಲ್ಲಿ ಅಕ್ಷರ ಕಲಿತವನು ನಾನೇ ಮೊದಲು. ಕಡಲೆಕಾಯಿ ಕಟ್ಟಿದ ಪೊಟ್ಟಣ ಬಿಚ್ಚಿ ಓದಿದವನಿಗೆ ಯಾವುದು ಒಳ್ಳೇ ಓದು ಅಂತ ಹೇಳಿಕೊಡಲು ಯಾರೂ ಬರಲಿಲ್ಲ. ಬಂದಿದ್ದರೆ ಪೊಟ್ಟಣವನ್ನೂ ಕಿತ್ತುಕೊಳ್ತಿದ್ದರೇನೋ.

ಬ್ರಿಟನ್ 1955ರಲ್ಲಿ ಕಾಯಿದೆ ಮಾಡಿತು. ಮರುವರ್ಷವೇ ದೆಹಲಿಯಲ್ಲೂ ಹೆಚ್ಚುಕಡಿಮೆ ಅದೇ ಹೆಸರಿನ, ಅದೇ ಮಾತುಗಳ ಕಾಯಿದೆ ಬಂತು. ಅಪರಾಧ, ಕ್ರೌರ್ಯ, ಅಸಹ್ಯದ ಚಿತ್ರಕತೆ ಮಾರಿದವನಿಗೆ ಆರು ತಿಂಗಳವರೆಗೆ ಜೈಲು. ಅದಕ್ಕೆ ಒಂದು ವರ್ಷ ಮೊದಲು, 1955ರಲ್ಲಿ, ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಬಂದಿತ್ತು. ನಮ್ಮನ್ನು ಗುಡಿಯ ಬಾಗಿಲಲ್ಲಿ, ಬಾವಿಯ ಕಟ್ಟೆಯಲ್ಲಿ ತಡೆದವನಿಗೂ ಹೆಚ್ಚೆಂದರೆ ಅದೇ ಆರು ತಿಂಗಳು. ದಂಡದಲ್ಲಿ ಮಾತ್ರ ವ್ಯತ್ಯಾಸ. ತಡೆದವನಿಗೆ 500 ರೂಪಾಯಿ ದಾಟುವಂತಿರಲಿಲ್ಲ. ಕಾಮಿಕ್ಸ್ ಮಾರಿದವನಿಗೆ ಅಂಥ ಮಿತಿಯನ್ನೇ ಬರೆದಿರಲಿಲ್ಲ.