ಅಂಗೈಯಗಲದ ಕಡಲು

ಪರಶುರಾಂಪುರವೆಂಬ ಹೆಸರನ್ನು ಕೇಳಿದೊಡನೆ ಪುರಾಣ ಬಲ್ಲವರಿಗೆ ಕಡಲಿನ ನೆನಪಾಗುವುದು ಸಹಜ. ಕೊಡಲಿಯನ್ನು ಬೀಸಿ ಎಸೆದು, ಸಮುದ್ರರಾಜನನ್ನು ಹಿಂದಕ್ಕೆ ಸರಿಸಿ, ಪಡುವಣ ಕರಾವಳಿಯ ನೆಲವನ್ನು ಪಡೆದವನು ಪರಶುರಾಮನೆಂಬುದು ಆ ಸೀಮೆಯ ನಂಬಿಕೆ. ಆದರೆ ಆತನ ಹೆಸರನ್ನು ಹೊತ್ತ, ಚಳ್ಳಕೆರೆ ತಾಲ್ಲೂಕಿನ ಈ ಊರಿಗೂ ಕಡಲಿಗೂ ನಡುವೆ ಬಯಲುಸೀಮೆಯೂ ಮಲೆನಾಡೂ ಅಡ್ಡಲಾಗಿ ನಿಂತಿವೆ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆಯೂ ಒಂದು. ಹೋಬಳಿಯನ್ನು ಹಾಯ್ದು ಹೋಗುವ ವೇದಾವತಿ ವರ್ಷದ ಬಹುಕಾಲ ಮರಳನ್ನೇ ಹೊದ್ದಿರುತ್ತದೆ. ಮೇಲ್ಗಡೆ ಅದೇ ನದಿಗೆ ಕಟ್ಟಿದ ವಾಣಿವಿಲಾಸ ಸಾಗರ 1933ರಲ್ಲಿ ಒಮ್ಮೆ ಕೋಡಿ ಬಿದ್ದ ಮೇಲೆ, ಮತ್ತೆ ಕೋಡಿ ಬೀಳುವುದನ್ನು ಕಾಣಲು ಜನ 2022ರವರೆಗೆ, ಅಂದರೆ 89 ವರ್ಷ, ಕಾಯಬೇಕಾಯಿತು. ಇಂಥ ನೆಲದ ಜನರ ಮುಂದೆ ಕಡಲಡಿಯ ಮಾತನ್ನೆತ್ತಿದರೆ ಕೆಲವರಿಗೆ ನಗು ಬಂದೀತು.

ಆ ನೆಲವಾದರೋ ಕಡಲನ್ನು ಬಲ್ಲದು. ಅದೇ ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯ ಬಳಿ, ದಿಂಬುಗಳನ್ನು ಒಂದರ ಮೇಲೊಂದು ಪೇರಿಸಿದಂತೆ ಕಾಣುವ ಬಂಡೆಗಳಿವೆ. ಭೂಗರ್ಭದಿಂದ ಉಕ್ಕಿದ ಲಾವಾ ನೀರಿನೊಳಗೆ ಹೊಮ್ಮಿ ಥಟ್ಟನೆ ತಣಿದಾಗ ಇಂಥ ಆಕಾರವನ್ನು ತಾಳುತ್ತದೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ಅಲ್ಲಿ ಕಡಲು ಮಲಗಿತ್ತೆಂಬುದಕ್ಕೆ ಆ ಕಲ್ಲುಗಳೇ ಸಾಕ್ಷಿ. ಅವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಕಾಪಾಡಿಕೊಂಡು ಬರಲಾಗಿದೆ.

ಈ ನೆಲದ ರೈತನಿಗೆ ಇನ್ನೊಂದು ಸಂಪತ್ತುಂಟು. ಅದು ಹತ್ತಿರದಿಂದ ನೋಡುವ ಕಣ್ಣು. ಶೇಂಗಾ ಹೊಲದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಮಡಿಚಿಕೊಂಡ ಎಲೆಯೊಂದನ್ನು ಮೆಲ್ಲನೆ ಬಿಡಿಸಿ, ಒಳಗೆ ಅಡಗಿದ ಸುರುಳಿಪೂಚಿಯನ್ನು ಕಂಡುಹಿಡಿಯುವವನು ಇಡೀ ಹೊಲದ ಭವಿಷ್ಯವನ್ನು ಒಂದು ಎಲೆಯಲ್ಲಿ ಓದುತ್ತಾನೆ. ಆ ಕಣ್ಣನ್ನೇ ಕಡಲೊಳಕ್ಕೆ ಒಯ್ದು, ಬೆರಳುಗುರಿನಷ್ಟು ಜೀವಿಯ ಮುಂದೆ ಉಸಿರನ್ನು ಹದವಾಗಿಟ್ಟುಕೊಂಡು ನಿಲ್ಲುವ ವಿದ್ಯೆಯೊಂದುಂಟು. ಅದನ್ನು ನೀರಡಿಯ ಸಮೀಪ ಛಾಯಾಗ್ರಹಣವೆನ್ನಬಹುದು. ಕ್ಯಾಮೆರಾ ಬಲ್ಲವರು ‘ಮ್ಯಾಕ್ರೋ’ ಎನ್ನುತ್ತಾರೆ. ಅದನ್ನು ಅಭ್ಯಾಸ ಮಾಡಲು ಕನ್ನಡಿಗರು ದೇಶಾಂತರ ಹೋಗಬೇಕಾಗಿಲ್ಲ.

ನೇತ್ರಾಣಿಯ ನೀರು

ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರದಿಂದ ದೋಣಿಯೇರಿ ಪಡುವಣಕ್ಕೆ ಸುಮಾರು 19 ಕಿಲೋಮೀಟರು ಸಾಗಿದರೆ ನೇತ್ರಾಣಿ ದ್ವೀಪ ಎದುರಾಗುತ್ತದೆ. ಆಂಗ್ಲರ ನಕ್ಷೆಗಳಲ್ಲಿ ಇದು ಪಾರಿವಾಳದ ದ್ವೀಪ. ಆಕಾಶದಿಂದ ನೋಡಿದವರಿಗೆ ಹೃದಯದ ಆಕಾರದಲ್ಲಿ ಕಾಣುತ್ತದೆ. ಸುತ್ತಲೂ ಕಡಿದಾದ ಬಂಡೆ, ಮೇಲೆ ಕಾಡು. ಮೀನುಗಾರರು ಹರಕೆ ಹೊತ್ತು ಇಲ್ಲಿ ಆಡುಗಳನ್ನು ಬಿಡುವ ವಾಡಿಕೆಯಿದೆ. ನೌಕಾಪಡೆಯು ಇದೇ ದ್ವೀಪವನ್ನು ಗುರಿ ಅಭ್ಯಾಸಕ್ಕೆ ಬಳಸಿಕೊಂಡಿದೆ; ಅದನ್ನು ನಿಲ್ಲಿಸಬೇಕೆಂದು ಪರಿಸರಪ್ರೇಮಿಗಳು ಕೂಗೆಬ್ಬಿಸಿದುದೂ ಉಂಟು. 2022ರಲ್ಲಿ ತೆರೆಕಂಡ ‘ಗಂಧದಗುಡಿ’ಯಲ್ಲಿ ಪುನೀತ್ ರಾಜ್‌ಕುಮಾರ್ ಈ ನೀರಿಗಿಳಿದ ಮೇಲೆ, ಕಡಲನ್ನೇ ಕಾಣದ ಊರುಗಳಲ್ಲಿಯೂ ನೇತ್ರಾಣಿಯ ಹೆಸರು ಮನೆಮಾತಾಯಿತು.

ಮಳೆಗಾಲದಲ್ಲಿ ಇಲ್ಲಿ ಯಾರೂ ಮುಳುಗುವುದಿಲ್ಲ. ಮುಂಗಾರು ಹಿಂದೆ ಸರಿದು ಕಡಲು ಶಾಂತವಾದ ಮೇಲೆ ದೋಣಿಗಳು ಹೊರಡುತ್ತವೆ. ಬೇಸಗೆಯ ಕೊನೆಯವರೆಗೂ ಆ ಸಂಚಾರ ನಡೆಯುತ್ತದೆ. ನೀರೊಳಗಿನ ಬಂಡೆಗಳ ಮೈಮೇಲೆ ಅಲ್ಲಲ್ಲಿ ಹವಳ ಬೆಳೆದಿದೆ. ಬಣ್ಣಬಣ್ಣದ ಮೀನುಗಳ ಹಿಂಡನ್ನು ಕಂಡು ಮೊದಲ ಸಲ ಇಳಿದವರು ಬೆರಗಾಗುತ್ತಾರೆ. ಆದರೆ ಹಿಂಡನ್ನು ಬಿಟ್ಟು ಬಂಡೆಯ ಬಿರುಕಿನತ್ತ ಮುಖ ತಿರುಗಿಸುವವನಿಗೆ ಬೇರೊಂದು ಲೋಕ ತೆರೆದುಕೊಳ್ಳುತ್ತದೆ.

ಉಸಿರಿನ ಲೆಕ್ಕ

ಮುಳುಗುವವನು ಬೆನ್ನಿಗೆ ಕಟ್ಟಿಕೊಳ್ಳುವುದು ಆಮ್ಲಜನಕವೆಂದು ಹಲವರು ತಿಳಿದಿದ್ದಾರೆ. ಅದು ತಪ್ಪು. ಸಾಮಾನ್ಯವಾಗಿ ಆ ಉರುಳೆಯಲ್ಲಿರುವುದು ಎಲ್ಲರೂ ಉಸಿರಾಡುವ ಗಾಳಿಯೇ. ಅದನ್ನು ಒತ್ತಿ ತುಂಬಿರುತ್ತಾರೆ, ಅಷ್ಟೆ. 12 ಲೀಟರಿನ ಉರುಳೆಗೆ 200 ಪಟ್ಟು ಒತ್ತಡದಲ್ಲಿ ತುಂಬಿದರೆ ಸುಮಾರು 2,400 ಲೀಟರು ಗಾಳಿ ಹಿಡಿಸುತ್ತದೆ. ಬೇಕಾದಷ್ಟನ್ನೇ ಬೇಕಾದ ಒತ್ತಡದಲ್ಲಿ ಬಾಯಿಗೆ ಒದಗಿಸುವ ‘ಅಕ್ವಾಲಂಗ್’ ಸಾಧನವನ್ನು ಫ್ರಾನ್ಸಿನ ನೌಕಾಧಿಕಾರಿ ಝಾಕ್ ಕುಸ್ತೋ ಮತ್ತು ಎಂಜಿನಿಯರ್ ಎಮಿಲ್ ಗಾನ್ಯಾನ್ 1943ರಲ್ಲಿ ರೂಪಿಸಿದರು. ಇಂದಿನ ಸ್ಕೂಬಾ ಸಲಕರಣೆಗೆ ಅದೇ ಮೂಲ.

10 ಮೀಟರು ಆಳಕ್ಕಿಳಿದರೆ ಮೈಮೇಲಿನ ಒತ್ತಡ ದಡದಲ್ಲಿದ್ದುದರ ಎರಡರಷ್ಟಾಗುತ್ತದೆ. ಗಾಳಿಯೂ ಎರಡರಷ್ಟು ವೇಗದಲ್ಲಿ ಖರ್ಚಾಗುತ್ತದೆ. ಅಲ್ಲಿ ತುಂಬಿಕೊಂಡ ಉಸಿರನ್ನು ಬಿಗಿಹಿಡಿದು ಮೇಲೇರಿದರೆ ಅದು ಎದೆಯೊಳಗೇ ಹಿಗ್ಗಿ ಶ್ವಾಸಕೋಶವನ್ನು ಹರಿಯಬಲ್ಲದು. ಆದುದರಿಂದ ಈ ವಿದ್ಯೆಯ ಮೊದಲ ಪಾಠ, ಉಸಿರನ್ನು ಎಂದೂ ಕಟ್ಟಬಾರದು ಎಂಬುದು. ಇಳಿಯುವಾಗ ಕಿವಿಯ ಒತ್ತಡವನ್ನು ಆಗಾಗ ಸರಿಪಡಿಸಿಕೊಳ್ಳಬೇಕು. ಏರುವಾಗ ನಿಮಿಷಕ್ಕೆ 9 ಮೀಟರಿಗಿಂತ ಹೆಚ್ಚು ಅವಸರ ಮಾಡಬಾರದು. ಅವಸರಿಸಿದರೆ ರಕ್ತದಲ್ಲಿ ಕರಗಿದ ಸಾರಜನಕವು, ಬಿರಡೆ ತೆಗೆದ ಸೋಡಾದ ಬಾಟಲಿಯಲ್ಲಿ ಆಗುವಂತೆ, ಗುಳ್ಳೆಗಟ್ಟಿ ಕೀಲುನೋವನ್ನೂ ಪಾರ್ಶ್ವವಾಯುವನ್ನೂ ತರಬಹುದು. ತರಬೇತಿಯ ಮೊದಲ ಮೆಟ್ಟಿಲು ಮುಗಿಸಿದವರಿಗೆ 18 ಮೀಟರು ಆಳವೇ ಎಲ್ಲೆಯೆಂದು ವಿಧಿಸಿರುವುದು ಸುಮ್ಮನೆ ಅಲ್ಲ.

ಛಾಯಾಗ್ರಾಹಕನಿಗೆ ಉಸಿರಿನಿಂದ ಇನ್ನೊಂದು ಕಷ್ಟವಿದೆ. ಉಸಿರೆಳೆದರೆ ದೇಹ ಒಂದಿಷ್ಟು ಮೇಲೇರುತ್ತದೆ, ಬಿಟ್ಟರೆ ಕೆಳಗಿಳಿಯುತ್ತದೆ. ಹತ್ತಿರದ ಚಿತ್ರದಲ್ಲಿ ಸ್ಪಷ್ಟವಾಗಿ ಮೂಡುವ ಆಳ ಕೆಲವೇ ಮಿಲಿಮೀಟರು. ಅಷ್ಟು ಕಿರಿದಾದ ಜಾಗದಲ್ಲಿ ಜೀವಿಯ ಕಣ್ಣನ್ನು ಹಿಡಿಯಬೇಕಾದರೆ, ಮೆಲ್ಲಮೆಲ್ಲನೆ ಸಮನಾಗಿ ಉಸಿರಾಡುತ್ತ ತಕ್ಕಡಿಯ ಮುಳ್ಳಿನಂತೆ ನಿಲ್ಲಲು ಕಲಿತಿರಬೇಕು. ಅದಕ್ಕೆ ತಿಂಗಳುಗಟ್ಟಲೆ ಸಾಧನೆ ಬೇಕು.

ನೀರು ನುಂಗುವ ಬಣ್ಣ

ನೀರು ಬಣ್ಣಗಳನ್ನು ಒಂದೊಂದಾಗಿ ನುಂಗುತ್ತದೆ. ಮೊದಲು ಮಾಯವಾಗುವುದು ಕೆಂಪು. ಐದಾರು ಮೀಟರು ಇಳಿಯುವಷ್ಟರಲ್ಲಿ ಅದು ಬಹುಪಾಲು ಮಾಸಿರುತ್ತದೆ. ಬಳಿಕ ಕಿತ್ತಳೆ, ಆಮೇಲೆ ಹಳದಿ. ಕೊನೆಗೆ ಉಳಿಯುವುದು ಹಸುರು, ನೀಲಿ. ಕುಂಕುಮದಂತೆ ಕೆಂಪಾದ ಜೀವಿಯೂ ಅಲ್ಲಿ ಬೂದಿಬಣ್ಣದ ಮುದ್ದೆಯಂತೆ ಕಾಣುತ್ತದೆ. ಮಿಂಚುದೀಪವನ್ನು ಹತ್ತಿರದಿಂದ ಬೆಳಗಿಸಿದಾಗ ಮಾತ್ರ ಅದರ ನಿಜವಾದ ಬಣ್ಣ ಒಂದು ಕ್ಷಣ ಹೊರಬೀಳುತ್ತದೆ. ಇಳಿದವನ ಕಣ್ಣಿಗೂ ಸರಿಯಾಗಿ ಕಾಣದ ಬಣ್ಣವನ್ನು ದಡಕ್ಕೆ ಬಂದ ಮೇಲೆ ಚಿತ್ರವೇ ಅವನಿಗೆ ತೋರಿಸುತ್ತದೆ.

ಈ ಬೆಳಕಿಗಾಗಿ ಹಿಂದಿನವರು ಪಟ್ಟ ಪಾಡು ಕಡಿಮೆಯಲ್ಲ. 1893ರಲ್ಲಿ ಫ್ರಾನ್ಸಿನ ಬನ್ಯೂಲ್ಸ್ ಎಂಬಲ್ಲಿ ಲೂಯಿ ಬೂತಾನ್ ಎಂಬ ವಿಜ್ಞಾನಿ ನೀರಡಿಯಲ್ಲಿ ಚಿತ್ರ ತೆಗೆಯಲಾರಂಭಿಸಿದಾಗ, ಒಂದು ಚಿತ್ರ ಮೂಡಲು ಕೆಲವೊಮ್ಮೆ ಅರ್ಧ ಗಂಟೆ ಕ್ಯಾಮೆರಾವನ್ನು ತೆರೆದಿಡಬೇಕಾಗಿತ್ತು. 1926ರಲ್ಲಿ ಅಮೆರಿಕದ ಫ್ಲೋರಿಡಾ ಕಡಲಿನಲ್ಲಿ ಲಾಂಗ್ಲಿ ಮತ್ತು ಮಾರ್ಟಿನ್ ಎಂಬವರು ತೆಪ್ಪದ ಮೇಲೆ ಮೆಗ್ನೀಸಿಯಂ ಪುಡಿಯನ್ನು ಸಿಡಿಸಿ, ಆ ಬೆಳಕಿನಲ್ಲಿ ಮೀನಿನ ವರ್ಣಚಿತ್ರ ತೆಗೆದರು. 1963ರಲ್ಲಿ ಜಪಾನಿನ ನಿಕಾನ್ ಕಂಪನಿ ಹೊರತಂದ ‘ನಿಕಾನೋಸ್’ ಕ್ಯಾಮೆರಾ, ಹೊರಗಿನ ಪೆಟ್ಟಿಗೆಯ ಹಂಗಿಲ್ಲದೆ ನೀರಿಗಿಳಿಯಬಲ್ಲುದಾಯಿತು. ಅದರಲ್ಲಿ ಹತ್ತಿರದ ಚಿತ್ರಕ್ಕೆ ಮುಂದುಗಡೆ ತಂತಿಯ ಚೌಕಟ್ಟೊಂದನ್ನು ಜೋಡಿಸಿ, ಜೀವಿಯನ್ನು ಅದರೊಳಗೆ ಬರುವಂತೆ ಹಿಡಿಯಬೇಕಾಗಿತ್ತು. ಇಂದಿನ ಮ್ಯಾಕ್ರೋ ಮಸೂರಗಳಿಗೆ ಆ ಚೌಕಟ್ಟಿನ ಗೊಡವೆಯಿಲ್ಲ. ಸುಮಾರು ಒಂದೂವರೆ ಅಂಗುಲದ ಜೀವಿ ಇಡೀ ಚಿತ್ರವನ್ನು ತುಂಬಬಲ್ಲದು.

ನೇತ್ರಾಣಿಯಂಥ ಕಡಲಿಗೆ ಈ ಬಗೆಯ ಛಾಯಾಗ್ರಹಣ ಒಪ್ಪುವುದಕ್ಕೆ ಕಾರಣವಿದೆ. ಅರಬ್ಬೀ ಸಮುದ್ರದ ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳೂ ಕಣಗಳೂ ಹೇರಳ. ನೀರು ಕದಡಿದ ದಿನ ದೂರದ ನೋಟವೆಲ್ಲ ಮಂಜು ಕವಿದಂತಾಗುತ್ತದೆ. ಆದರೆ ಮಸೂರಕ್ಕೂ ಜೀವಿಗೂ ನಡುವೆ ಒಂದು ಗೇಣು ನೀರೇ ಇದ್ದಾಗ ಆ ಮಂಜಿಗೆ ಹೆಚ್ಚಿನ ಎಡೆಯಿಲ್ಲ. ಹತ್ತಿರ ಹೋದಷ್ಟೂ ಚಿತ್ರ ನಿಚ್ಚಳ.

ಬಿರುಕಿನ ನಿವಾಸಿಗಳು

ಈ ಚಿತ್ರಗಾರರಿಗೆ ಅಚ್ಚುಮೆಚ್ಚಿನದು ನುಡಿಬ್ರ್ಯಾಂಕ್. ಇದು ಚಿಪ್ಪನ್ನು ತೊರೆದ ಕಡಲ ಬಸವನಹುಳು. ಕಿವಿರುಗಳನ್ನು ಮೈಯ ಹೊರಗೇ ಧರಿಸಿರುವುದರಿಂದ ಇದಕ್ಕೆ ‘ಬತ್ತಲೆ ಕಿವಿರಿನದು’ ಎಂಬರ್ಥದ ಹೆಸರು ಬಂತು. ಎಷ್ಟೋ ಜಾತಿಗಳು ಬೆರಳಿನ ಒಂದು ಗೆಣ್ಣಿನಷ್ಟೂ ಉದ್ದವಿಲ್ಲ. ಕಾಪಾಡಲು ಚಿಪ್ಪಿಲ್ಲದಿದ್ದರೂ ಇವು ದಿಕ್ಕಿಲ್ಲದವಲ್ಲ. ಕೆಲವು ಜಾತಿಗಳು ಕುಟುಕುವ ಕಡಲಜೀವಿಗಳನ್ನು ತಿಂದು, ಅವುಗಳ ವಿಷದ ಮುಳ್ಳುಗಳನ್ನು ಜೀರ್ಣಿಸದೆ ತಮ್ಮ ಬೆನ್ನಿನ ತುದಿಗಳಿಗೆ ಸಾಗಿಸಿ, ವೈರಿಯ ಆಯುಧದಿಂದಲೇ ತಮ್ಮನ್ನು ರಕ್ಷಿಸಿಕೊಳ್ಳುತ್ತವೆ.

ಉಷ್ಣವಲಯದ ಮರಳಿನ ತಳದಲ್ಲಿ ಇನ್ನೊಂದು ಕೂಡುಸಂಸಾರ ಸಿಕ್ಕುತ್ತದೆ. ಒಂದು ಜಾತಿಯ ಸಿಗಡಿ ಬಿಲ ತೋಡುತ್ತಲೇ ಇರುತ್ತದೆ. ಅದಕ್ಕೆ ಕಣ್ಣು ಮಂದ. ಗೋಬಿ ಎಂಬ ಪುಟ್ಟ ಮೀನು ಬಾಗಿಲಲ್ಲಿ ಕಾವಲು ಕೂಡುತ್ತದೆ. ಸಿಗಡಿ ತನ್ನ ಮೀಸೆಯೊಂದನ್ನು ಮೀನಿನ ಮೈಗೆ ತಾಗಿಸಿಕೊಂಡೇ ದುಡಿಯುತ್ತದೆ. ಅಪಾಯ ಕಂಡೊಡನೆ ಮೀನು ಬಾಲವನ್ನು ಅಲುಗಿಸುತ್ತದೆ. ಮರುಕ್ಷಣ ಇಬ್ಬರೂ ಒಳಗೆ. ಇವರ ಚಿತ್ರ ಬೇಕಾದವನು ಹತ್ತಡಿ ದೂರದಲ್ಲಿ ಕಾದು, ಕಾವಲುಗಾರನ ಭಯ ತಿಳಿದ ಮೇಲೆ ಒಂದೊಂದು ಗೇಣಾಗಿ ಮುಂದುವರಿಯಬೇಕು. ಅವಸರಗಾರನಿಗೆ ಸಿಕ್ಕುವುದು ಬರಿಯ ಬಿಲದ ಬಾಯಿ.

ಕೈಯ ಪಾಪ

ಈ ಹವ್ಯಾಸದ ದೋಷವೂ ಇಲ್ಲಿಯೇ ಹುಟ್ಟುತ್ತದೆ. ಹತ್ತಿರ ಹೋಗಬೇಕೆಂಬ ಆಸೆ ಮುಟ್ಟಬೇಕೆಂಬ ಆಸೆಯಾಗಿ ತಿರುಗಲು ಹೆಚ್ಚು ಹೊತ್ತು ಬೇಕಿಲ್ಲ. ಜೀವಿ ಮೂಲೆಯಲ್ಲಿದ್ದರೆ ಕಡ್ಡಿಯಿಂದ ತಿವಿದು ಬಯಲಿಗೆ ತರುವವರುಂಟು. ಕೈಯೂರಲು ಹವಳವನ್ನೇ ಹಿಡಿಯುವವರುಂಟು. ಮೇಲುನೋಟಕ್ಕೆ ಕಲ್ಲಿನಂತಿರುವ ಹವಳವು ವಾಸ್ತವದಲ್ಲಿ ಪುಟ್ಟ ಪ್ರಾಣಿಗಳ ವಸಾಹತು. ಗುಂಡು ಬಂಡೆಯಂತೆ ಬೆಳೆಯುವ ಹವಳ ವರ್ಷಕ್ಕೆ ಹೆಚ್ಚುವುದು ಸುಮಾರು ಒಂದು ಸೆಂಟಿಮೀಟರು. ಕಾಲಿಗೆ ಕಟ್ಟಿದ ರೆಕ್ಕೆಯ ಒಂದು ಒದೆತ ಹತ್ತು ವರ್ಷಗಳ ಬೆಳೆಯನ್ನು ಮುರಿಯಲು ಸಾಕು. ಭಾರತದಲ್ಲಿ 2001ರಿಂದ ಬಂಡೆ ಕಟ್ಟುವ ಹವಳಗಳಿಗೂ ಕಡಲ್ಗುದುರೆಗಳಿಗೂ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ. ಆದರೆ ನೀರಡಿಯಲ್ಲಿ ಕಾಯಿದೆಯ ಪುಸ್ತಕ ಬಿಚ್ಚಿ ತೋರುವವರಾರು?

ಇದು ಬರಿಯ ನೀತಿಬೋಧೆಯಲ್ಲ. ವೆಸ್ಟ್ ಇಂಡೀಸಿನ ಸೇಂಟ್ ಲೂಸಿಯಾ ದ್ವೀಪದಲ್ಲಿ 353 ಮಂದಿ ಮುಳುಗುಗಾರರನ್ನು ಗಮನಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಕ್ಯಾಮೆರಾ ಹಿಡಿದವರು ನಿಮಿಷಕ್ಕೆ ಸರಾಸರಿ 0.4 ಸಲ ಹವಳದ ಬಂಡೆಯನ್ನು ತಾಗಿದರೆ, ಹಿಡಿಯದವರು ತಾಗಿದ್ದು 0.1 ಸಲ ಮಾತ್ರ. ಇಳಿಯುವ ಮೊದಲು ದೋಣಿಯಲ್ಲಿ ಹೇಳಿದ ಒಂದು ಮಾತಿನ ಬುದ್ಧಿವಾದದಿಂದ ಯಾವ ಪ್ರಯೋಜನವೂ ಆಗಲಿಲ್ಲ. ಆದರೆ ಮುಂದಾಳು ನೀರೊಳಗೇ ಕಣ್ಣಿಟ್ಟು, ತಾಗಿದವನನ್ನು ಆಗಲೇ ತಡೆದಾಗ ತಪ್ಪು ಮೂರರಲ್ಲಿ ಒಂದು ಪಾಲಿಗೆ ಇಳಿಯಿತು. ಮಿಂಚುದೀಪದ ಬಗೆಗೂ ಅನುಮಾನಗಳಿದ್ದವು. 2019ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ತಳದಲ್ಲಿ ವಾಸಿಸುವ ಮೀನುಗಳಿಗೆ ಮಿಂಚುದೀಪದಿಂದ ಕಣ್ಣಿನ ಹಾನಿ ಕಂಡುಬರಲಿಲ್ಲ. ಮನುಷ್ಯನ ಸಾಮೀಪ್ಯಕ್ಕಿಂತ ಅದು ಹೆಚ್ಚು ಬಾಧಿಸಲಿಲ್ಲ. ಬೆಳಕಿಗಿಂತ ಕೈಗೇ ಹೆಚ್ಚು ಅಂಜಬೇಕು.

ನೇತ್ರಾಣಿ ಕಿರಿದಾದ ದ್ವೀಪ. ಅಲ್ಲಿಗೆ ಬರುವವರಲ್ಲಿ ಬಹುಮಂದಿ ಮೊದಲ ಸಲ ನೀರಿಗಿಳಿಯುವವರು. ದೋಣಿಗಳು ಬಂಡೆಯ ಮೇಲೆ ಲಂಗರು ಎಸೆಯದೆ ಸ್ಥಿರವಾದ ಬುರುಡೆಗಳಿಗೆ ಕಟ್ಟಿಕೊಳ್ಳಬೇಕು; ಒಬ್ಬ ಮುಂದಾಳಿನ ಹಿಂದೆ ಇಳಿಯುವವರ ಸಂಖ್ಯೆ ಮಿತಿಯಲ್ಲಿರಬೇಕು; ನಿಲ್ಲಲು ಕಲಿಯದವನ ಕೈಗೆ ಕ್ಯಾಮೆರಾ ಕೊಡಬಾರದು. ಈ ಮೂರೂ ದುಬಾರಿಯಾದ ಕೆಲಸಗಳಲ್ಲ. ಕಡಲು ಬಿಸಿಯಾಗಿ ಹವಳ ಬಿಳಿಚಿಕೊಳ್ಳುವ ಕಾಲವಿದು. 2024ರಲ್ಲಿ ನೆರೆಯ ಲಕ್ಷದ್ವೀಪದಲ್ಲಿಯೂ ಆ ವ್ಯಾಧಿ ಕಾಣಿಸಿಕೊಂಡಿತು. ಬಿಸಿಯನ್ನು ತಡೆಯುವುದು ಒಬ್ಬಿಬ್ಬರಿಂದಾಗದು. ಅದರ ಮೇಲೆ ಒದೆತದ ಪೆಟ್ಟನ್ನೂ ಸೇರಿಸದಿರುವುದು ಪ್ರತಿಯೊಬ್ಬನಿಂದಲೂ ಆಗುತ್ತದೆ.

ಒಳ್ಳೆಯ ಛಾಯಾಗ್ರಾಹಕನಿಂದ ಉಪಕಾರವೂ ಇದೆ. ಅದೇ ಬಂಡೆಯ, ಅದೇ ಬಿರುಕಿನ ಚಿತ್ರವನ್ನು ವರ್ಷ ವರ್ಷವೂ ದಿನಾಂಕ ಬರೆದು ತೆಗೆದಿಟ್ಟರೆ, ಅದು ಊರ ಕರಣಿಕರ ಲೆಕ್ಕದಂತೆ ಕಡಲಿನ ಲೆಕ್ಕವಾಗುತ್ತದೆ. ಯಾವ ಜೀವಿ ಬಂತು, ಯಾವುದು ಮರೆಯಾಯಿತು ಎಂಬುದಕ್ಕೆ ಮುಂದಿನವರಿಗೆ ಆಧಾರ ದೊರೆಯುತ್ತದೆ.

ಬಯಲುಸೀಮೆಯ ಯುವಕ ಯುವತಿಯರಿಗೆ ಈ ವಿದ್ಯೆ ಎಟುಕದ್ದೇನೂ ಅಲ್ಲ. ಊರ ಬಾವಿಯಲ್ಲಿ ಈಜು ಕಲಿತವರಿಗೆ ನೀರಿನ ಭಯ ಅರ್ಧ ಕಳೆದಿರುತ್ತದೆ. ಉಳಿದುದನ್ನು ಶಾಸ್ತ್ರೀಯ ತರಬೇತಿ ಕಳೆಯುತ್ತದೆ. ವೈದ್ಯರಿಂದ ಕಿವಿ, ಎದೆ ಪರೀಕ್ಷಿಸಿಕೊಂಡು, ಮೊದಲ ಕೆಲವು ಸಲ ಬರಿಗೈಯಲ್ಲಿ ಇಳಿಯಬೇಕು. ಯಾವುದನ್ನೂ ತಾಗದೆ ಒಂದೆಡೆ ಐದು ನಿಮಿಷ ನಿಲ್ಲಲು ಬಂದ ದಿನ ಕ್ಯಾಮೆರಾ ಕೈಗೆತ್ತಿಕೊಳ್ಳಬಹುದು. ಜೀವಿ ತಾನಿದ್ದಲ್ಲೇ ಇದ್ದು, ತನ್ನ ಕೆಲಸ ಮಾಡುತ್ತಿರುವಾಗಲೇ ಚಿತ್ರ ಮೂಡಿದರೆ ಅದು ಗೆಲವು. ಅದು ಸಿಕ್ಕದ ದಿನ ಬರಿಗೈಯಲ್ಲಿ ಹಿಂದಿರುಗಿದವನೂ ಸೋತವನಲ್ಲ. ಮರುದಿನ ಇಳಿಯುವವನಿಗೆ ಆ ಬಿರುಕು ಹಾಗೆಯೇ ಉಳಿದಿರುತ್ತದೆ.