ತುರುವನೂರಿನಲ್ಲಿ ಎರಡು ‘ರು’

ನಮ್ಮ ಪುಟ್ಟಿಗೆ ಆಗ ನಾಲ್ಕೂವರೆ ವರ್ಷ. ಒಂದು ಸಂಜೆ ನನ್ನ ಕಣ್ಣೆದುರೇ ಸ್ಲೇಟನ್ನು ಮಂಚದ ಕೆಳಗೆ ತಳ್ಳಿ, “ಅಮ್ಮಾ, ಸ್ಲೇಟು ಕಳೆದೋಯ್ತು” ಅಂದಳು. ನಗು ಬರಬೇಕಿತ್ತು, ಬರಲಿಲ್ಲ. ಹಿಂದಿನ ದಿನವಷ್ಟೇ ನಾನು ಅವಳನ್ನು ಜೋರಾಗಿ ಗದರಿದ್ದೆ.

ಕಾರಣ ಏನು ಗೊತ್ತಾ? ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನ ಇನ್ನೊಂದು ಮಗು ಆಗಲೇ ವಾಕ್ಯ ಓದುತ್ತೆ ಅಂತ ಕೇಳಿದ್ದೆ. ನಾನು ಸಾಫ್ಟ್‌ವೇರ್ ಎಂಜಿನಿಯರ್. ಯಾವ ಕೆಲಸಕ್ಕೂ ಒಂದು ಪ್ಲಾನ್, ಒಂದು ಡೆಡ್‌ಲೈನ್ ಬೇಕು. ಮಗಳಿಗೂ ಎಕ್ಸೆಲ್ ಶೀಟ್ ಮಾಡಿದೆ: ದಿನಕ್ಕೆ ಎರಡು ಅಕ್ಷರ, 25 ದಿನಕ್ಕೆ 49 ಅಕ್ಷರ. ಅವಳು ‘ಅ’ದಿಂದ ‘ಳ’ದವರೆಗೆ ಹಾಡಿನ ಹಾಗೆ ಒಪ್ಪಿಸುತ್ತಿದ್ದಳು. ನಡುವೆ ಒಂದಕ್ಕೆ ಬೆರಳಿಟ್ಟು “ಇದ್ಯಾವುದು?” ಅಂದರೆ ಮಾತ್ರ ಮತ್ತೆ ‘ಅ’ದಿಂದ ಹೊರಟು ಅಲ್ಲಿಗೆ ಬರಬೇಕು. ಕೊನೆಗೆ “ನಂಗೆ ಬರಲ್ಲ” ಅನ್ನೋದನ್ನು ಕಲಿತಳು. ಕಲಿಸಿದವಳು ನಾನೇ.

ಅದೇ ವಾರ ವರ್ಕ್ ಫ್ರಮ್ ಹೋಮ್ ಹೇಳಿ ತವರಿಗೆ, ತುರುವನೂರಿಗೆ ಬಂದೆವು. ನಮ್ಮವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಪುಟ್ಟಿಗೆ ಅದೇನು ಗೊತ್ತು? ಚಿತ್ರದ ಪುಸ್ತಕ ತಂದು ಅಜ್ಜಿಯ ಮಡಿಲಿಗೆ ಹಾಕಿ, “ಓದಜ್ಜಿ” ಅಂದಳು. ಅವ್ವ ಒಂದು ಸಲ ನನ್ನ ಕಡೆ ನೋಡಿದಳು. ಆಮೇಲೆ, “ನಂಗೆಲ್ಲಿ ಓದಾಕೆ ಬರ್ತೈತೆ ಕಣವ್ವ. ನೀನೇ ಚಿತ್ರ ನೋಡಿ ಹೇಳು, ನಾನು ಕೇಳ್ತೀನಿ” ಅಂದಳು.

ಪುಟ್ಟಿ ಹೇಳಿದಳು. “ಆಮೇಲೆ?” “ಈ ನಾಯಿ ಯಾಕೆ ಸಪ್ಪಗೈತೆ?” “ಮುಂದಿನ ಹಾಳೆಯಾಗೆ ಏನಾಗ್ಬೋದು?” ಅಂತ ಅವ್ವ ಕೇಳುತ್ತಲೇ ಹೋದಳು. ಮೀಟಿಂಗಿನಲ್ಲಿದ್ದ ನಾನು ಮ್ಯೂಟ್ ಒತ್ತಿ ಕೂತು ನೋಡಿದೆ. ಪುಸ್ತಕ ನೆಟ್ಟಗೆ ಹಿಡಿಯೋದು, ಹಾಳೆ ಒಂದೊಂದಾಗಿ ತಿರುಗಿಸೋದು, ಒಂದಾದ ಮೇಲೆ ಒಂದು ನಡೆಯುತ್ತೆ ಅಂತ ತಿಳಿಯೋದು, ಮುಂದೇನು ಅಂತ ಊಹಿಸೋದು. ಓದಿಗೆ ಬೇಕಾದ ನೆಲ ಹದ ಮಾಡೋ ಕೆಲಸ ಇದೇ. ನಾನು ಹದ ಮಾಡದ ಹೊಲಕ್ಕೆ ಬೀಜ ಎರಚುತ್ತಿದ್ದೆ.

ಅಕ್ಷರದ ಪಾಠವನ್ನೂ ಬದಲಾಯಿಸಿದೆ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾಗಿ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ ‘ನಲಿ-ಕಲಿ’ಯಲ್ಲಿ ವರ್ಣಮಾಲೆಯ ಸಾಲು ಹಿಡಿದು ಹೋಗೋದಿಲ್ಲ. ಮೊದಲ ಗುಂಪು ‘ರ, ಗ, ಸ, ದ, ಅ’. ಆಕಾರ ಸುಲಭ. ಐದೇ ಅಕ್ಷರಕ್ಕೆ ಸರ, ಗರಗಸ, ಅರಸ, ಅಗಸ ಎಲ್ಲ ಓದಬಹುದು. ‘ಅ ಆ ಇ ಈ’ ಕಲಿತ ಮಗುವಿಗೆ ಓದೋದಕ್ಕೆ ಎಷ್ಟು ಪದ ಸಿಗುತ್ತೆ, ನೀವೇ ಯೋಚಿಸಿ. ಹಾಗಂತ ಐದನ್ನೂ ಒಂದೇ ದಿನ ಹೇರಲಿಲ್ಲ. ಎಕ್ಸೆಲ್ ಶೀಟು ಡಿಲೀಟ್ ಆಗಿತ್ತು.

ಅದಕ್ಕೂ ಮೊದಲು ಕಿವಿಯ ಆಟ. ಕನ್ನಡದಲ್ಲಿ ಒಂದು ಅಕ್ಷರ ಅಂದರೆ ಹೆಚ್ಚುಕಡಿಮೆ ಒಂದು ಉಚ್ಚಾರ, ಹಾಗಾಗಿ ಚಪ್ಪಾಳೆಯಲ್ಲೇ ಪದ ಬಿಡಿಸಬಹುದು. ಅಜ್ಜಿ: ಎರಡು ಚಪ್ಪಾಳೆ. ಗರಗಸ: ನಾಲ್ಕು. ತು-ರು-ವ-ನೂ-ರು: ಐದು. “ರು ಎರಡು ಸಲ ಬಂತು!” ಅಂತ ಪುಟ್ಟಿ ಕೂಗಿದಳು. ಅದು ಅವಳಿಗೆ ಯಾರೂ ಹೇಳಿಕೊಟ್ಟಿದ್ದಲ್ಲ. ಬರೆಯೋ ಕೈಗೆ ಸ್ಲೇಟೊಂದೇ ದಾರಿಯಲ್ಲ. ಶೇಂಗಾ ಸುಲಿಯೋದು, ಬೇಳೆಯಲ್ಲಿ ಕಲ್ಲು ಆರಿಸೋದು, ಅಂಗಳದಲ್ಲಿ ರಂಗೋಲಿ ಚುಕ್ಕಿ ಇಡೋದು, ಎಲ್ಲವೂ ಬೆರಳಿಗೆ ಹಿಡಿತ ಕೊಡುತ್ತವೆ.

ದುಡ್ಡು ಖರ್ಚು ಮಾಡಬೇಕಾಗಿಲ್ಲ. ಅಂಗನವಾಡಿಯಲ್ಲಿ ಮೂರರಿಂದ ಆರು ವರ್ಷದ ಮಕ್ಕಳಿಗೆ ಹಾಡು, ಕಥೆ, ಆಟ ಇದ್ದೇ ಇದೆ. ಪ್ರಥಮ್ ಬುಕ್ಸ್‌ನವರ ‘ಸ್ಟೋರಿವೀವರ್’ ತಾಣದಲ್ಲಿ ಕನ್ನಡದ ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ. ಆದರೆ ಮೊಬೈಲನ್ನು ಮಗುವಿನ ಕೈಗೆ ಕೊಟ್ಟು ಏಳಬೇಡಿ, ಪಕ್ಕದಲ್ಲಿ ಕೂತು ನೀವೇ ಓದಿ. ಅವಸರವೂ ಬೇಡ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನ ಕಲಿಕೆಯನ್ನು ಒಂದೇ ಬುನಾದಿ ಹಂತ ಅಂತ ಎಣಿಸಿದೆ. ಆದರೆ ಮಗು ಕರೆದರೆ ತಿರುಗದಿದ್ದರೆ, ಪುಸ್ತಕ ಕಣ್ಣಿಗೆ ಅಂಟಿಸಿಕೊಂಡು ನೋಡಿದರೆ, ಸೋಮಾರಿ ಅಂತ ಬೈಯುವ ಮೊದಲು ಕಿವಿ, ಕಣ್ಣು ತೋರಿಸಿ.

ಪುಟ್ಟಿಗೆ ಈಗ ಹತ್ತು ಹನ್ನೆರಡು ಅಕ್ಷರ ಬರುತ್ತೆ, ಅಷ್ಟೇ. ಆದರೆ ರಾತ್ರಿ ಪುಸ್ತಕ ಇಲ್ಲದೆ ಮಲಗೋದಿಲ್ಲ. ಸ್ಲೇಟು ಮಂಚದ ಕೆಳಗಿಂದ ತಾನಾಗಿಯೇ ಹೊರಗೆ ಬಂದಿದೆ.

ಮೊನ್ನೆ ಮೂವರೂ ಚಿತ್ರದುರ್ಗಕ್ಕೆ ಹೋಗಿ ವಾಪಸ್ ಬರಲು ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆವು. ಇಷ್ಟು ವರ್ಷ ಅವ್ವ ಅಲ್ಲಿ ಯಾರನ್ನಾದರೂ “ಇದು ಎಲ್ಲಿಗೆ ಹೋಗ್ತೈತಪ್ಪಾ?” ಅಂತ ಕೇಳಿಯೇ ಹತ್ತುತ್ತಿದ್ದಳು. ಅವತ್ತು ಒಂದು ಬಸ್ಸು ಬಂತು. ಪುಟ್ಟಿ ಬೋರ್ಡು ನೋಡಿ, “ಅಜ್ಜಿ, ಒಂದೇ ರು!” ಅಂದಳು. ಅದು ಹಿರಿಯೂರಿನದು. ಇನ್ನೊಂದು ಬಂತು. ಈ ಸಲ ಅವ್ವ ಬಾಯಿ ತೆರೆಯಲು ಮೊಮ್ಮಗಳನ್ನು ಬಿಡಲಿಲ್ಲ. ಕಣ್ಣು ಕಿರಿದು ಮಾಡಿ ಬೋರ್ಡನ್ನೇ ನೋಡಿ, ಬೆರಳಲ್ಲಿ ಒಂದು, ಎರಡು ಎಣಿಸಿ, ಸೆರಗು ಸರಿ ಮಾಡಿಕೊಂಡು, ಯಾರನ್ನೂ ಕೇಳದೆ ಹತ್ತಿದಳು.